ಕರೆಂಟು ಹೋದಾಗ ಕೂಡುವ ಪಕ್ಷ

ವೈಶಾಖದ ಬಿಸಿಲು, ಮಧ್ಯಾಹ್ನ ಮೂರರ ಸುಮಾರು. ಬೋರಗಾಂವದ ಮಗ್ಗದ ಓಣಿಯಲ್ಲಿ ಕಂಬದ ಮೇಲಿನ ಹಳೆಯ ಟ್ರಾನ್ಸ್‌ಫಾರ್ಮರು, ಓಣಿಯವರ ಬಾಯಲ್ಲಿ ಟಿ.ಸಿ., ದಿನದಂತೆ ಢಪ್ ಎಂದಿತು. ಕರೆಂಟು ಹೋಯಿತು, ಮಗ್ಗಗಳು ನಿಂತವು. ಕನ್ನಡದವರು, ಮರಾಠಿಯವರು, ಉರ್ದುವಿನವರು ಬೆವರು ಒರೆಸಿಕೊಳ್ಳುತ್ತ ಬೇವಿನ ಕಟ್ಟೆಗೆ ಬಂದು ಕೂತರು. ಕೂತ ಮೇಲೆ ಮಾತು ಬೇಕಲ್ಲ! ಆ ಮಾತಿನಲ್ಲೇ ‘ಎಲ್ಲಾರ ಪಕ್ಷ’ ಹುಟ್ಟಿತು. ಮಗ್ಗ ರಿಪೇರಿಯ ಮುದುಕ ಇಬ್ರಾಹಿಮ ಅಧ್ಯಕ್ಷ. ಎಂಟು ಮಗ್ಗದ ಸಾಹುಕಾರ ರಾವಸಾಹೇಬ ಖಜಾಂಚಿ.

“ನಿಮ್ಮ ಪಕ್ಷ ಒಂದ ಟೆಂಪೊದಾಗ ಹಿಡಿತೈತಿ,” ಎಂದು ದೊಡ್ಡ ಪಕ್ಷದವರು ನಗುತ್ತಿದ್ದರು.

“ಹಿಡಿಲಿ ಬಿಡ್ರಿ. ನಿಮ್ಮವ್ರು ಜಗಳ ಇಲ್ದ ಒಂದ ಟೆಂಪೊದಾಗ ಕುಂತ ತೋರಸ್ಲಿ ನೋಡೂಣು!” ಎನ್ನುತ್ತಿದ್ದ ಇಬ್ರಾಹಿಮ.

ಹಬ್ಬ ಬಂದರೆ ಒಬ್ಬರಿಗೊಬ್ಬರು ಮುಖ ತಿರುವುವ ಮಂದಿ ಇಲ್ಲಿ ಒಂದೇ ತಂಬಿಗೆಯ ನೀರು ಕುಡಿಯುತ್ತಿದ್ದರು. ಈ ಕಟ್ಟೆ ಖಾಲಿಯಾಗಬಾರದು, ಇಬ್ರಾಹಿಮನಿಗೆ ಅಷ್ಟೇ ಬೇಕಿತ್ತು.

ಪಟ್ಟಣ ಪಂಚಾಯ್ತಿ ಚುನಾವಣೆಗೆ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುವ ಕಾಳವ್ವನನ್ನು ನಿಲ್ಲಿಸಿದರು. ಭರವಸೆ ಏನು ಕೊಡುವುದು? “ಹೊಸ ಟಿ.ಸಿ.! ಕರೆಂಟ್ ಹೋಗಬಾರ್ದು!” ಕಟ್ಟೆ ಒಂದೇ ಬಾಯಲ್ಲಿ ಕೂಗಿತು. ಇಬ್ರಾಹಿಮನೂ ಚಪ್ಪಾಳೆ ತಟ್ಟಿದ. ಕಾಳವ್ವ ಗೆದ್ದಳು. ಕರೆಂಟ್ ಆಫೀಸಿನ ಬಾಗಿಲಲ್ಲಿ ರೊಟ್ಟಿಗಂಟು ಬಿಚ್ಚಿ ಕೂತು, ಟಿ.ಸಿ. ತಂದೇ ಎದ್ದಳು.

ಆಮೇಲೆ ಮಗ್ಗ ನಿಲ್ಲಲೇ ಇಲ್ಲ. ಕಟ್ಟೆಯ ಮೇಲೆ ಉಳಿದದ್ದು ಇಬ್ರಾಹಿಮ ಮತ್ತು ಒಂದು ನಾಯಿ.

ತಡೆಯಲಾರದೆ ಇಬ್ರಾಹಿಮ ಲೈನ್‌ಮನ್ ದುರಗಪ್ಪನ ಬೆನ್ನು ಹತ್ತಿದ. “ತಮ್ಮಾ, ವಾರಕ್ಕೊಮ್ಮೆ ಒಂಚೂರು ಕರೆಂಟ್ ತಗೀಯೋ.”

“ಏನ್ ಚಾಚಾ! ನಿಮ್ಮ ಕಾಳವ್ವಕ್ಕ ನನ್ನ ನೌಕರಿನ ತಗಸ್ತಾಳ!”

ಸುದ್ದಿ ಕೇಳಿ ಕಾಳವ್ವ ಬಂದಳು. “ಚಾಚಾ, ಕರೆಂಟ್ ಯಾಕ ತಗಸ್ತೀರಿ? ಮಗ್ಗ ನಿಲ್ಸಾಕ ನಮಗ ಕೈ ಇಲ್ಲೇನ್ರಿ?”

ಸೋಮವಾರ ಮೂರಕ್ಕೆ ಓಣಿಗಿಳಿದಳು. ಮಗ್ಗದ ಗದ್ದಲದಲ್ಲಿ ಯಾರ ಮಾತು ಯಾರಿಗೆ ಕೇಳೀತು! ಬಾಗಿಲು ಬಾಗಿಲಲ್ಲಿ ನಿಂತು, ಮಗ್ಗದವರು ಮಾಡುವ ಹಾಗೆ, ಚಹಾ ಕುಡಿಯುವ ಸನ್ನೆ ಮಾಡಿದಳು. ಒಂದೊಂದೇ ಮಗ್ಗ ಸುಮ್ಮನಾಯಿತು. ಕಟ್ಟೆ ತುಂಬಿತು.

ರಾವಸಾಹೇಬನ ಮುಖ ಕೆಂಪಾಗಿತ್ತು. “ಇಬ್ರಾಹಿಮಭಾಯ್, ಕರೆಂಟ್ ಹೋದ್ರ ದೇವರಾಟ ಅಂತಿದ್ದೆ. ನೀವ ನಿಲ್ಸಿದ್ರ ನನಗ ಲುಕ್ಸಾನ! ನನಗ ಈ ಪಕ್ಷ ಬ್ಯಾಡ.”

“ನಿಮ್ಮ ಮಗ್ಗದವ್ರು ಇಲ್ಲೇ ಅದಾರ, ಅವರಿಗೇ ಹೇಳ್ರಿ ರಾವಸಾಹೇಬ್ರ,” ಎಂದ ಇಬ್ರಾಹಿಮ.

ಅವನ ಮಗ್ಗದವರೆಲ್ಲ ತಲೆಯೆತ್ತಿ ಬೇವಿನ ಎಲೆ ನೋಡತೊಡಗಿದರು.

“ಚಹಾ ಬಂದೈತ್ರಿ,” ಅಂದಳು ಕಾಳವ್ವ. “ಸಿಟ್ಟ ಆಮ್ಯಾಲ ಮಾಡ್ರಂತ.”

ರಾವಸಾಹೇಬ ಕೂತು ಕುಡಿದ. “ಛಲೋ ಆಗೇತಿ,” ಎಂದು ಕಪ್ಪು ಇಟ್ಟು ಎದ್ದ. ಅವನು ಎದ್ದ ಜಾಗದಲ್ಲಿ ಅವನದೇ ಮಗ್ಗದ ಗುಲನಾಜ ಸೆರಗು ಸಾವರಿಸಿಕೊಂಡು ಕೂತಳು.

ಅವತ್ತು ಸೋಮವಾರ ಎಲ್ಲಾರ ಪಕ್ಷ ಬಿಟ್ಟು ಹೋದವನು ರಾವಸಾಹೇಬನೊಬ್ಬನೇ; ಕಟ್ಟೆ ತುಂಬಿಯೇ ಇತ್ತು.