ಹಳೇಮಗನಿಗೆ ಇಂಗ್ಲಿಷಿನಲ್ಲಿ ಏನಂತಾರೆ

ಪಿನ್ನು ಎಡಕ್ಕೋ ಬಲಕ್ಕೋ ಎಂಬುದು ಸಾಮಾನ್ಯ ವಿಷಯವಲ್ಲ, ಇಂಥದ್ದನ್ನು ಉಪೇಕ್ಷೆ ಮಾಡಿಯೇ ಸಾಮ್ರಾಜ್ಯಗಳು ಮುಳುಗಿದ್ದು, ಎಡಕ್ಕಾದರೆ ಬ್ಯಾಡ್ಜು ಸೆರಗಿನ ನೆರಿಗೆಯಲ್ಲಿ ಹೂತುಹೋಗುತ್ತದೆ, ಬಲಕ್ಕಾದರೆ ಹೊಸ ರವಿಕೆಗೆ ತೂತು, ಬ್ಯಾಡ್ಜು ಕಂಡುಹಿಡಿದ ಪುಣ್ಯಾತ್ಮನ ಹೆಂಡತಿ ಸೀರೆ ಉಡುತ್ತಿರಲಿಲ್ಲ, ಅಷ್ಟಂತೂ ಖಚಿತ — ಎಂದುಕೊಳ್ಳುತ್ತ ಪದ್ಮಜಾ ಉಸಿರು ಬಿಗಿಹಿಡಿದು ಮೈಸೂರು ಕ್ರೇಪಿಗೆ ಎಡಗಡೆಯೇ ಚುಚ್ಚಿದಳು, ಪ್ಲಾಸ್ಟಿಕ್ಕಿನದು, ಟ್ರೇನೀ ಎಂದು ಕೆಂಪಕ್ಷರ, ಇವತ್ತು ಪಾಸಾದರೆ ಇದು ಹೋಗಿ ಹಿತ್ತಾಳೆಯದು ಬರುತ್ತದೆ, ಹೆಸರು ಕೊರೆದದ್ದು, ಅವಳ ಹೆಸರು, ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟಿನ ಬಾಗಿಲ ಮೇಲಿರುವುದು ಗಂಡ ಅರವಿಂದನದು, ಫೋನಿನ ಪುಸ್ತಕದಲ್ಲಿ ಅವನದು, ಚಿನ್ನದ ಪದಕದ ಜೊತೆ ಮುಗಿಸಿದ ಇತಿಹಾಸದ ಎಂ.ಎ. ಈ ದೇಶದಲ್ಲಿ ಇದುವರೆಗೆ ಉಪಯೋಗಕ್ಕೆ ಬಂದದ್ದು ಗಣೇಶನ ಹಬ್ಬದ ಕ್ವಿಜ್ಜಿಗೆ, ಸಂಬಳವಿಲ್ಲದ ಗೈಡು ಅಂದರೇನಂತೆ, ಕೊರೆದ ಹೆಸರು ಕೊರೆದ ಹೆಸರೇ, ಸಿಕ್ಕೇ ಸಿಗುತ್ತದೆ, ಗೈಡುಗಳಿಗೆ ಕೊಟ್ಟ ಪಾಠ ಬಾಯಿಗೆ ಬರುತ್ತದೆ, ದಾರಿ ಕಾಲಿಗೆ ಬರುತ್ತದೆ, ಇನ್ನುಳಿದದ್ದು ಆ ಚಿಲಕ ಒಂದು — ಬೇಡ, ಅದು ಆಮೇಲೆ.

ನಿಮ್ಮ ಜನರನ್ನೇ ಕರೆದುಕೊಂಡು ಬಾ ಎಂದಿದ್ದಳು ಗೈಡುಗಳ ಮುಖ್ಯಸ್ಥೆ ಮಿಸೆಸ್ ಹಾಲ್ವರ್ಸನ್, ನಿಮ್ಮ ಭಾಷೆಯಲ್ಲೇ ತೋರಿಸು ಡಿಯರ್, ನಾನು ಹಿಂದೆ ಬರ್ತೀನಿ, ದನಿ, ನಿಲುವು, ಮುಗುಳ್ನಗೆ, ನಾನು ನೋಡೋದು ಇಷ್ಟೇ, ಹಾಗಾಗಿ ಪದ್ಮಜಾಳ ಜನ ಸ್ಯಾನ್ ಮಟಿಯೋ ಸೇತುವೆ ದಾಟಿ ಪಾದ್ರಿಗಳ ಮಠವಾಗಿದ್ದು ಈಗ ಮ್ಯೂಸಿಯಮ್ಮಾಗಿರುವ ಈ ಗುಡ್ಡದ ಬುಡದ ಹಳೇ ಮಿಷನ್ನಿಗೆ ಬಂದು ನಿಂತಿದ್ದಾರೆ, ಮೌಂಟನ್ ವ್ಯೂನ ಎಂಜಿನಿಯರು ಗುರುಶಾಂತಪ್ಪ, ವಿಜಾಪುರದಿಂದ ಬಂದಿರುವ ಅವರ ತಾಯಿ ಬಂಗಾರೆವ್ವ, ಇಳಕಲ್ ಸೀರೆಯ ಕೆಳಗೆ ಮಗನ ಟೆನ್ನಿಸ್ ಶೂಸು, ಮತ್ತೆ ತನ್ನ ಮಗಳು ಇಂದು, ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷು — ಬನ್ನಿ, ಇದು ಅಂಗಳ, ಈ ಆಲಿವ್ ಮರಗಳು ಸ್ಪೇನಿನ ಪಾದ್ರಿಗಳ ಕಾಲದವು, ಗೋಧಿ, ದ್ರಾಕ್ಷಿ, ದನ, ಆಗಿನ ಕಾಲಕ್ಕೆ ದೊಡ್ಡ ಎಸ್ಟೇಟು, ಇಲ್ಲಿ ಪಾದ್ರಿಗಳು ಇಂಡಿಯನ್ನರಿಗೆ ಬೇಸಾಯ ಕಲಿಸಿದರು. ಅಯ್ಯ ತಂಗಿ, ನಮ್ಮವರು ಇಲ್ಲೀತನಾನೂ ಬಂದಿದ್ರೇನು, ಬಂಗಾರೆವ್ವನ ಕಣ್ಣರಳಿತು, ಯಾವ ಕಡಿಯವರು. ಯವ್ವಾ ಅವರು ಬ್ಯಾರೆ ಇಂಡಿಯನ್ಸು ಎಂದರು ಗುರುಶಾಂತಪ್ಪ, ಕೊಲಂಬಸ್ಸು ದಾರಿ ತಪ್ಪಿ ಬಂದು ಇವರನ್ನ ನೋಡಿ ನಾವಂತ ತಿಳಕೊಂಡ. ದಾರಿ ತಪ್ಪಿದಾಂವ ಅಂವ, ಹೆಸರು ಇವರಿಗ್ಯಾಕ ಎಂದಳು ಬಂಗಾರೆವ್ವ. ಎಲ್ಲರೂ ನಕ್ಕರು, ಹಿಂದೆ ಮಿಸೆಸ್ ಹಾಲ್ವರ್ಸನ್ ಕೂಡ ಏನೂ ತಿಳಿಯದೆ ನಕ್ಕಳು, ನಗು ಬರಿಸುವ ಗೈಡು ಒಳ್ಳೆಯ ಗೈಡು, ಹಿತ್ತಾಳೆ ಎರಡು ಹೆಜ್ಜೆ ಹತ್ತಿರ ಬಂತು.

ಬೇಸಾಯ ಕಲಿತವರನ್ನು ಪಾಠದಲ್ಲಿ ನಿಯೋಫೈಟ್ಸ್ ಎಂದು ಬರೆದಿದೆ, ನಾಲ್ಕು ಸಾಲು ಆದಮೇಲೆ ಹೆಲ್ಪರ್ಸ್, ಪದ್ಮಜಾ ಬಿಡುವವಳಲ್ಲ, ಲೈಬ್ರರಿಯ ದಪ್ಪ ನಿಘಂಟು ತೆಗೆದು ನೋಡಿದ್ದಳು, ಗ್ರೀಕು, ಹೊಸದಾಗಿ ನೆಟ್ಟದ್ದು ಎಂದರ್ಥ, ಹೊಸ ಸಸಿ, ಚೆನ್ನಾಗಿದೆ, ಕನ್ನಡದಲ್ಲಿ ಹೊಸಬರು ಎಂದರಾಯಿತು, ಬಾತುಕೋಳಿಯ ರೆಕ್ಕೆಯ ಹಾಗೆ ನೀರು ಹತ್ತದ ಮಾತು — ಆದರೆ ಮೂಲೆಯ ಆ ಕೋಣೆ, ಕಿಟಕಿಯಿಲ್ಲದ ಮಣ್ಣಿನ ಗೋಡೆ, ಇಲ್ಲಿ ಹುಡುಗಿಯರು ಸುರಕ್ಷಿತವಾಗಿ ಮಲಗುತ್ತಿದ್ದರು ಎಂಬ ಬೋರ್ಡು, ಬಾಗಿಲಿಗೆ ಮುಂಗೈ ದಪ್ಪದ ಕಬ್ಬಿಣದ ಚಿಲಕ, ಚಿಲಕ ಹೊರಗಡೆ. ಮೊದಲ ದಿನವೇ ಕೇಳಿದ್ದಳು, ಮಿಸೆಸ್ ಹಾಲ್ವರ್ಸನ್ ಅವಳ ಕೈ ಸವರಿ, ಅವರ ರಕ್ಷಣೆಗೆ ಡಿಯರ್, ಪಾದ್ರಿಗಳಿಗೆ ಅವರು ಸ್ವಂತ ಮಕ್ಕಳ ಹಾಗೆ ಇದ್ದರು — ಈ ಮಾತನ್ನು ಎಲ್ಲಿ ಕೇಳಿದ್ದೇನೆ, ಇದರಲ್ಲಿ ಎಲೆಯಡಿಕೆಯ ವಾಸನೆ ಬರುತ್ತದಲ್ಲ ಅನ್ನಿಸಿತ್ತು, ಮಂಡ್ಯದ ಆಚೆಯ ಅಜ್ಜಿ, ನಮ್ಮನೆ ಹಳೇಮಗ ಕಣೇ ದೇವರಾಜು, ಮಗ ಅಂತಲೇ ಕರೆಯೋದು, ಅವರಪ್ಪನೂ ನಮ್ಮನೇಲೇ ಇದ್ದ, ಹಳೇಮಗ, ಆಗ ಇನ್ನೂ ಫ್ರಾಕು ಹಾಕುತ್ತಿದ್ದ ಪದ್ಮಜಾ ಕೇಳಿದ್ದಳು, ಹಾಗಾದ್ರೆ ಅಪ್ಪ ಹೊಸ ಮಗನಾ ಅಜ್ಜಿ, ಪಡಸಾಲೆ ತುಂಬ ನಗು, ಹೊಸ ಮಗ ಬೆಳ್ಳಿ ತಟ್ಟೆಯಲ್ಲಿ ಉಣ್ಣುತ್ತಾನೆ, ಹಳೇಮಗನ ತಟ್ಟೆ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದೆ, ತಾನೇ ತೊಳೆದು ತಾನೇ ಸಿಕ್ಕಿಸಬೇಕು, ಅವನು ಹೇಳದೆ ಅಕ್ಕನ ಊರಿಗೆ ಹೋಗಿ, ಚಿಕ್ಕಜ್ಜ ಗಾಡಿ ಕಟ್ಟಿ ಕರೆತಂದ ಮೇಲೆ ಅವನು ಮಲಗುವ ಕೊಟ್ಟಿಗೆಗೆ ರಾತ್ರಿ ಹೊರಗಿನಿಂದ ಚಿಲಕ ಬೀಳತೊಡಗಿತು, ಹಸು ಬಿಚ್ಕೊಂಡು ಹೋಗ್ಬಾರದಲ್ಲ ಮರಿ ಎಂದಳು ಅಜ್ಜಿ, ನಂಬಿದ್ದಳು, ಎಷ್ಟೋ ವರ್ಷ ನಂಬಿದ್ದಳು, ಹಸುಗಳನ್ನು ಹಗ್ಗದಲ್ಲಿ ಕಟ್ಟಿರುತ್ತಿದ್ದರು. ಅಲ್ಲಿ ಹಳೇಮಗ, ಇಲ್ಲಿ ಹೊಸ ಸಸಿ, ಹೆಸರಿಡುವವರಿಗೆ ಯಾವ ಸೀಮೆಯಲ್ಲೂ ಬರಗಾಲವಿಲ್ಲ.

ಈಗ ಆ ಬಾಗಿಲ ಮುಂದೆಯೇ ನಿಂತಿದ್ದಾರೆ, ಬಂಗಾರೆವ್ವ ಟೆನ್ನಿಸ್ ಶೂಸಿನಲ್ಲಿ ಮೈಭಾರ ಬದಲಿಸಿ ಒಂದೇ ಒಂದು ಕೇಳಿದಳು, ಬ್ಯಾಡ ಅನಿಸಿದ್ರ ಈ ಹುಡಿಗ್ಯಾರು ತಮ್ಮ ಮನೀಗೆ ಹೋಗಬಹುದಿತ್ತೇನು ತಂಗಿ, ಪಾಠದಲ್ಲಿ ಇದಕ್ಕೆ ಉತ್ತರ ಇದೆ, ಸಂತೋಷದಿಂದ ಇದ್ದರು ಅಂತ, ಪದ್ಮಜಾ ಬೆನ್ನು ನೆಟ್ಟಗೆ ಮಾಡಿ, ದನಿ ಸರಿ, ನಿಲುವು ಸರಿ, ಮುಗುಳ್ನಗೆಯೂ ಸರಿ, ಹೊಸಬರು ಎಂದು ಬಾಯಿ ತೆರೆದರೆ ಬಂದದ್ದು ಹಳೇ ಮಕ್ಕಳು ಇವರು. ಹಂಗಂದ್ರೇನ್ರಿ ಎಂದರು ಗುರುಶಾಂತಪ್ಪ. ಜೀತದವರು, ಓಡಿಹೋದರೆ ಹಿಡಿದು ತಂದು ಹೊಡೀತಿದ್ರು, ಚಿಲಕ ನೋಡಿ, ಹೊರಗಡೆ ಇದೆ. ಹಂಗ ಹೇಳಬಾರದೇನು ಮೊದಲ, ಬಂಗಾರೆವ್ವ ಚಿಲಕದಿಂದ ದೂರ ಸರಿದಳು, ಇಷ್ಟೊತ್ತು ನಾ ಒಕ್ಕಲುತನ ಕಲಿಸೋ ಸಾಲಿ ಅಂತ ತಿಳಕೊಂಡಿದ್ದೆ. ಯಾರೂ ನಗಲಿಲ್ಲ, ನಗು ನಿಂತದ್ದು ಹಿಂದೆ ನಿಂತವಳಿಗೆ ಕೇಳಿಸಿತು, ಏನಾಯ್ತು ಡಿಯರ್ ಎಂದಳು, ಮಗಳು ಇಂದು ತಟಕ್ಕನೆ, ಮಾಮ್ ಸೇಸ್ ದೇ ವರ್ ಸ್ಲೇವ್ಸ್ — ಇದುವರೆಗೆ ಒಂದು ಕನ್ನಡ ವಾಕ್ಯಕ್ಕೂ ಇಷ್ಟು ಶುದ್ಧವಾಗಿ ಅರ್ಥ ಹೇಳದ ಮಗಳು, ಕ್ಲಾಸಿನಲ್ಲಿ ಎ ಪ್ಲಸ್ ಕೊಡಬಹುದು. ನೀನು ಹೆಲ್ಪರ್ಸ್ ಅಂದಿರ್ತೀಯ ಎಂದಳು ಮಿಸೆಸ್ ಹಾಲ್ವರ್ಸನ್, ಮಗುವಿಗೆ ತಪ್ಪು ಕೇಳಿಸಿರಬೇಕು ಅಲ್ಲವೇ, ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇಟ್ಟಿದ್ದಾಳೆ ಪುಣ್ಯಾತ್ಗಿತ್ತಿ, ಹೌದು ಅಂದರೆ ಸಾಕು, ಹಿತ್ತಾಳೆ, ಕೊರೆದ ಹೆಸರು, ಇಂದು ಅಮ್ಮನ ಮುಖವನ್ನೇ ನೋಡುತ್ತಿದ್ದಾಳೆ, ತನಗೆ ತಪ್ಪು ಕೇಳಿಸಿತೇ ಎಂದು ತಿಳಿಯಲು, ಹಸು ಬಿಚ್ಚಿಕೊಂಡು ಹೋಗಬಾರದಲ್ಲ ಮರಿ — ಮಗು ಸರಿಯಾಗೇ ಕೇಳಿಸಿಕೊಂಡಿದೆ ಎಂದಳು ಪದ್ಮಜಾ ತನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, ಹೆಲ್ಪರ್ಸ್ ಒಳ್ಳೆಯ ಪದವೇ, ಆದರೆ ನಮ್ಮಜ್ಜಿ ಬಳಿ ಇದಕ್ಕಿಂತ ಚೆಂದದ್ದಿತ್ತು, ಮತ್ತು ದನಿ ಎಲ್ಲಿಯೂ ನಡುಗಲಿಲ್ಲ, ಬೇಕಾದರೆ ಅದಕ್ಕೆ ಅಂಕ ಕೊಡಲಿ, ಎಡಗಡೆಯ ಪಿನ್ನು ತಾನೇ ಬಿಚ್ಚಿದಳು, ಕ್ರೇಪಿನಲ್ಲಿ ಸಣ್ಣ ತೂತು ಉಳಿದಿತ್ತು, ಆಲಿವ್ ಮರ, ಮಣ್ಣಿನ ಗೋಡೆ, ಸೂರಿನ ತಟ್ಟೆ, ಮುಂಗೈ ದಪ್ಪ, ಕಬ್ಬಿಣ, ಹೊರಗಡೆ, ಚಿಲಕ ಹೊರಗಡೆ, ಹೊರಗಡೆ —

ಹಿತ್ತಾಳೆಯ ಬ್ಯಾಡ್ಜು ಸಿಗಲಿಲ್ಲ.