ಮುಯ್ಯಾಳಿನ ಮುಖ

ಹುಣಸೂರಿನಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆಗೆ ಬೋರ್ಡು ಹಾಕಿಸಿದ ದಿನದಿಂದಲೂ ರೂಪಶ್ರೀಗೆ ಒಂದೇ ಹೆದರಿಕೆ. ಯಾರಾದರೂ ಮೆಟ್ಟಿಲು ಹತ್ತಿ ಬಂದು, ಇದರಲ್ಲಿ ನಿನಗೇನು ಗೊತ್ತು ಎಂದು ಕೇಳಿಬಿಟ್ಟರೆ? 'ಸುಗಮ: ಸಂಸ್ಥೆಗಳ ಬದಲಾವಣೆಗೆ ನೆರವು' ಎಂದು ಬೋರ್ಡಿನಲ್ಲಿತ್ತು. ಹಾಗೆ ಕೇಳಲು ಯಾರೂ ಬರಲಿಲ್ಲ. ಬಂದವರು ಪಹಣಿಯಲ್ಲಿ ಹೆಸರು ಬದಲಾಯಿಸಿಕೊಡುತ್ತೀರಾ ಎಂದು ವಿಚಾರಿಸಿ, ಇಲ್ಲವೆಂದಾಗ ನೀರು ಕುಡಿದು ಇಳಿದು ಹೋಗುತ್ತಿದ್ದರು.

ಅವಳು ಮೈಸೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಹಗಲೆಲ್ಲ ಬಿಲ್ ಬರೆದು, ಸಂಜೆ ಕಾಲೇಜಿನಲ್ಲಿ ಓದಿದವಳು. ಆ ಅಂಗಡಿಗೆ ಒಂದು ಸೋಮವಾರ ಏಕಾಏಕಿ ಕಂಪ್ಯೂಟರ್ ಬಂತು. ಹಳೆಯ ಗುಮಾಸ್ತ ನಂಜುಂಡಸ್ವಾಮಿ ಅದರ ಮುಂದೆ ಸ್ವಲ್ಪ ದಿನ ಕೈಕಟ್ಟಿ ಕೂತು, ಆಮೇಲೆ ಯಾರಿಗೂ ಹೇಳದೆ ಬರುವುದನ್ನೇ ಬಿಟ್ಟರು. ಹೊಸದು ಬರುವ ಮೊದಲು ಅದನ್ನು ಹೊರುವವರನ್ನು ಒಂದು ಮಾತು ಕೇಳಬೇಕು. ಅವಳ ಕಂಪನಿ ಸುಗಮ ಹುಟ್ಟಿದ್ದು ಈ ಒಂದೇ ನಂಬಿಕೆಯಿಂದ.

ಮೊದಲ ಕೆಲಸ ಕೊಟ್ಟವರು ಚಿಕ್ಕಬಸಪ್ಪ. ಪಿರಿಯಾಪಟ್ಟಣದ ರಸ್ತೆಯಲ್ಲಿದ್ದ ಅವರ ದೊಡ್ಡ ಶೆಡ್ಡಿನಲ್ಲಿ ಸುಗ್ಗಿಯ ತಿಂಗಳುಗಳಲ್ಲಿ ಹೆಂಗಸರು ಸಾಲಾಗಿ ಕೂತು ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರ್ಪಡಿಸುತ್ತಿದ್ದರು. ಹಾಜರಿಗೆ ಮುಖ ಗುರುತಿಸುವ ಯಂತ್ರ ತರಬೇಕು, ಗಲಾಟೆಯಾಗದಂತೆ ನೋಡಿಕೊಳ್ಳಬೇಕು ಎಂಬುದು ಅವರ ಬೇಡಿಕೆ. ರೂಪಶ್ರೀ ಮೊದಲು ಎಲ್ಲರನ್ನೂ ಕೇಳೋಣ ಎಂದಳು. ಮದುವೆ ಮಾತುಕತೆಗೂ ಇಷ್ಟು ಹೊತ್ತು ಕೂರಲ್ಲ ಕಣಮ್ಮ ಎಂದು ನಕ್ಕರೂ ಚಿಕ್ಕಬಸಪ್ಪ ಒಪ್ಪಿದರು. ಒಪ್ಪಿ, ತಾವೇ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು.

ಹೆಂಗಸರು ಗೋಣಿತಾಟಿನ ಮೇಲೆ ಕೂತಿದ್ದರು. ನಿಮಗೇನಾದರೂ ತೊಂದರೆ ಆಗುತ್ತದೆಯೇ ಎಂದು ಅವಳು ಕೇಳಿದಳು. ಯಾರೂ ಬಾಯಿಬಿಡಲಿಲ್ಲ. ಮತ್ತೆ ಕೇಳಿದಾಗ ಎಲ್ಲರಿಗಿಂತ ಹಿರಿಯಳಾದ ದೊಡ್ಡತಾಯಮ್ಮ ನೆಲ ನೋಡುತ್ತ, "ನೀವೆಂಗಂದ್ರೆ ಅಂಗೆ ಕಣವ್ವ" ಎಂದಳು.

ವೀರನಹೊಸಹಳ್ಳಿಯಲ್ಲಿ ಹುಟ್ಟಿ ಬೆಳೆದ ರೂಪಶ್ರೀಗೆ ಆ ಮಾತಿನ ಅರ್ಥ ಗೊತ್ತಿತ್ತು. ಅದು ಒಪ್ಪಿಗೆಯಲ್ಲ. ಬೇಡ ಎನ್ನಲು ಜಾಗವಿಲ್ಲದ ಕಡೆ ಅವಳ ಅವ್ವನೂ ಇದೇ ಮಾತು ಆಡುತ್ತಿದ್ದಳು. ಯಜಮಾನರ ಕುರ್ಚಿಯನ್ನು ಆಚೆ ಕಳಿಸಿ ಮತ್ತೊಮ್ಮೆ ಕೇಳಬೇಕು ಎಂದು ಅನ್ನಿಸಿತು. ಆದರೆ ಇದು ಮೊದಲ ಕೆಲಸ, ಚಿಕ್ಕಬಸಪ್ಪ ಬೇರೆ ಗಡಿಯಾರ ನೋಡುತ್ತಿದ್ದರು. ಎಲ್ಲರೂ ಒಪ್ಪಿದ್ದಾರೆ ಎಂದು ಅವಳು ಮಾತು ಮುಗಿಸಿದಳು.

ಯಂತ್ರ ಬಂತು. ಮೊದಲ ದಿನ ಅದರೆದುರು ಸೆರಗು ಸರಿಸಿ ನಿಂತ ದೊಡ್ಡತಾಯಮ್ಮ, "ಮದ್ವೆಯಾದ ವರ್ಸ ನನ್ ಗಂಡನಿಗೂ ಇಷ್ಟೊತ್ತು ಮುಕ ತೋರ್ಸಿರ್ನಿಲ್ಲ ಕಣಮ್ಮಿ" ಎಂದಾಗ ಶೆಡ್ಡೆಲ್ಲ ನಕ್ಕಿತು. ರೂಪಶ್ರೀಯೂ ನಕ್ಕಳು. ಎಲ್ಲ ಸರಿಹೋಯಿತೆಂದು ತನ್ನನ್ನೇ ನಂಬಿಸಿಕೊಂಡಳು.

ತಿಂಗಳು ಕಳೆದ ಮೇಲೆ ಚಿಕ್ಕಬಸಪ್ಪ ಅವಳನ್ನು ಕರೆಸಿದರು. ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಅವರ ನೆಂಟ ರೇಣುಕಾಪ್ರಸಾದ್ ಯಂತ್ರ ನೋಡಲು ಬರುವವರಿದ್ದರು. ಮೆಚ್ಚಿದರೆ ಗಿರಣಿಯ ಕೆಲಸವೂ ಸುಗಮಕ್ಕೆ. ರೂಪಶ್ರೀ ಇಸ್ತ್ರಿ ಮಾಡಿದ ಸೀರೆಯುಟ್ಟು ಹೊತ್ತಿಗೆ ಮುಂಚೆಯೇ ಹೋದಳು. ಗೇಟಿನ ಬಳಿ ಶೆಡ್ಡಿನಲ್ಲಿ ಸೊಪ್ಪು ಬಿಡಿಸುವ ಚೆಲುವಮ್ಮ ನಿಂತಿದ್ದಳು, ಬುತ್ತಿಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು.

ಚೆಲುವಮ್ಮ ಮಗಳ ಬಾಣಂತನಕ್ಕೆಂದು ಬೀಚನಹಳ್ಳಿಗೆ ಹೋಗಿದ್ದಳು. ಹೋಗುವಾಗ ಪಕ್ಕದ ಮನೆಯ ಪುಷ್ಪಾಳನ್ನು ತನ್ನ ಜಾಗಕ್ಕೆ ಮುಯ್ಯಾಳಾಗಿ ಬಿಟ್ಟುಹೋಗಿದ್ದಳು. ಶೆಡ್ಡಿನ ನಡವಳಿಕೆ ಮೊದಲಿನಿಂದಲೂ ಹಾಗೆಯೇ. ಒಬ್ಬಳು ಬರಲಾಗದಿದ್ದರೆ ಇನ್ನೊಬ್ಬಳು ಬಂದು ಕೂರುತ್ತಾಳೆ, ಆ ಮುಯ್ಯನ್ನು ಇವಳು ಮುಂದೆ ದುಡಿದು ತೀರಿಸುತ್ತಾಳೆ. ಯಾರಾದರೊಬ್ಬರು ಕೂತಿರುವ ತನಕ ಜಾಗ ಅವಳದೇ. ಯಂತ್ರಕ್ಕೆ ಪುಷ್ಪಾಳ ಮುಖ ಗೊತ್ತಿರಲಿಲ್ಲ. ಅವಳನ್ನು ಗೇಟಿನಿಂದಲೇ ಕಳಿಸಿದರು. ವಾರ ಪೂರ್ತಿ ಮುಖ ಕಾಣದವರ ಹೆಸರು ತಾನಾಗಿ ಅಳಿದುಹೋಗುತ್ತಿತ್ತು. ಮರುದಿನದಿಂದ ಆ ಜಾಗಕ್ಕೆ ಬೇರೆಯವಳು ಬರುವುದೆಂದು ನಿಗದಿಯಾಗಿತ್ತು. ಆ ನಿಯಮ ಮಾಡಿದವಳು ರೂಪಶ್ರೀಯೇ, ತರಗತಿಯ ಪಾಠದಲ್ಲಿದ್ದದ್ದನ್ನು ಹಾಗೆಯೇ ಎತ್ತಿ.

"ಅದ್ಕೊಂದು ಮಾತು ಏಳವ್ವ," ಎಂದಳು ಚೆಲುವಮ್ಮ, ಯಂತ್ರದ ಕಡೆ ಕೈತೋರಿಸಿ.

ಮುಯ್ಯಾಳೆಂದರೆ ಏನೆಂದು ಯಾರೂ ರೂಪಶ್ರೀಗೆ ಹೇಳಿಕೊಡಬೇಕಾಗಿರಲಿಲ್ಲ. ಅವ್ವನಿಗೆ ಜ್ವರ ಬಂದಾಗ ರಾಗಿ ಹೊಲದ ಕಳೆಗೆ ಅವಳೇ ಮುಯ್ಯಾಳಾಗಿ ಹೋಗಿದ್ದಳು, ಹಾಲು ಬಿಡುವ ಕಳೆ ಕಿತ್ತು ಬೆರಳೆಲ್ಲ ಅಂಟಾಗಿತ್ತು. ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ಆ ಹೊಲ ಅವಳ ನೆನಪಿಗೇ ಬಂದಿರಲಿಲ್ಲ.

ನೋಡುತ್ತೇನೆ ಇರವ್ವ ಎನ್ನುವಷ್ಟರಲ್ಲಿ ಕಾರು ಬಂತು. ರೇಣುಕಾಪ್ರಸಾದ್ ಚಿಕ್ಕಬಸಪ್ಪನ ಜೊತೆ ಯಂತ್ರವನ್ನು ಸುತ್ತ ನೋಡಿ, ಇದನ್ನು ಹಾಕಿದಾಗ ಹೆಣ್ಣಾಳುಗಳು ತಕರಾರು ಮಾಡಲಿಲ್ಲವೇ ಎಂದು ಕೇಳಿದರು.

"ಮೊದ್ಲೇ ಎಲ್ಲರನ್ನೂ ಕೇಳಿದ್ವಿ ಸಾರ್. ಎಲ್ಲರೂ ಒಪ್ಕೊಂಡ್ರು," ಎಂದಳು ರೂಪಶ್ರೀ.

ಒಳಗೆ ಸೊಪ್ಪು ಬಿಡಿಸುತ್ತಿದ್ದ ಕೈಗಳು ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿದವು. ದೊಡ್ಡತಾಯಮ್ಮ ತಲೆಯೆತ್ತಲಿಲ್ಲ. ಚೆಲುವಮ್ಮ ಮಾತ್ರ ರೂಪಶ್ರೀಯನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ರೂಪಶ್ರೀ ಹೇಗೋ ತಾಳಿಕೊಳ್ಳುತ್ತಿದ್ದಳು. ಅದು ಇನ್ನೂ ಕಾಯುತ್ತಿತ್ತು.

ರೇಣುಕಾಪ್ರಸಾದ್ ಇನ್ನೇನೋ ಕೇಳುತ್ತಿದ್ದರು, ಅವಳಿಗೆ ಕೇಳಿಸಲಿಲ್ಲ.

"ಸಾರ್, ನಾನು ಇವರನ್ನ ಸರಿಯಾಗಿ ಕೇಳಿರಲಿಲ್ಲ," ಎಂದಳು. "ಯಜಮಾನರನ್ನ ಎದುರಿಗೆ ಕೂರಿಸ್ಕೊಂಡು ಕೇಳಿದೆ. ಈ ಹೆಂಗಸ್ರು ಒಪ್ಪಿರಲಿಲ್ಲ, ಸುಮ್ಮನಿದ್ರು. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಅಂತ ಹೇಳ್ದೆ. ಈ ಅಮ್ಮನ ಜಾಗ ಹೋಗಿರೋದು ಅದರಿಂದ."

ಮುಯ್ಯಾಳಿನ ಮುಖವನ್ನೂ ಯಂತ್ರಕ್ಕೆ ಸೇರಿಸಬಹುದು, ತನ್ನ ನಿಯಮವನ್ನು ಈಗಲೇ ತೆಗೆದುಹಾಕುತ್ತೇನೆ ಎಂದು ತಡವರಿಸುತ್ತ ಹೇಳಿದಳು. ರೇಣುಕಾಪ್ರಸಾದ್ ನೆಂಟರ ಕಡೆ ನೋಡಿ ಸಣ್ಣಗೆ ನಕ್ಕು, ಗಿರಣಿಯ ವಿಚಾರ ಇನ್ನೊಮ್ಮೆ ಮಾತಾಡೋಣ ಎಂದು ಕಾರು ಹತ್ತಿದರು. ಆ ಇನ್ನೊಮ್ಮೆ ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ಚಿಕ್ಕಬಸಪ್ಪನ ಮುಖ ಕಪ್ಪಿಟ್ಟಿತ್ತು. "ನೆಂಟರ ಮುಂದೆ ನನ್ ಮರ್ಯಾದೆ ತೆಗೆದ್ಯಲ್ಲಮ್ಮ," ಎಂದವರು, ಚೆಲುವಮ್ಮನ ಕಡೆ ತಿರುಗಿ, ಹೋಗಿ ಕೂತುಕೋ, ಈ ಸುಗ್ಗಿ ಮುಗಿಯುವವರೆಗೆ ಮಾತ್ರ ಎಂದರು. ತಮ್ಮ ಔದಾರ್ಯವೆಂಬಂತೆ ಹೇಳಿದರು. ಚೆಲುವಮ್ಮ ಡಬ್ಬಿಯನ್ನು ಕೆಳಗಿಟ್ಟು ಅವರಿಗೆ ಕೈಮುಗಿದಳು. ಆಮೇಲೆ ರೂಪಶ್ರೀಯ ಕಡೆ ತಿರುಗಿ ಅವಳಿಗೂ ಮುಗಿಯಲು ಹೋದಳು.

ರೂಪಶ್ರೀ ಆ ಕೈಗಳನ್ನು ಹಿಡಿದು ತಡೆದಳು. "ಮುಗೀಬೇಡ ಕಣವ್ವ. ನಿನ್ ಜಾಗ ಹೋಗಿದ್ದೇ ನನ್ನಿಂದ."

"ಗೊತ್ತು ಕಣವ್ವ," ಎಂದಳು ಚೆಲುವಮ್ಮ, ಮೆಲ್ಲಗೆ. "ಅದ್ಕೇ ನಿನ್ ತಾವ ಬಂದೆ."

ಕೈ ಬಿಡಿಸಿಕೊಂಡು ಅವಳು ಒಳಗೆ ಹೋಗಿ ಸಾಲಿನಲ್ಲಿ ಕೂತಳು. ದೊಡ್ಡತಾಯಮ್ಮ ಒಂದು ಕಟ್ಟು ಸೊಪ್ಪನ್ನು ಅವಳ ಮುಂದಕ್ಕೆ ತಳ್ಳಿದಳು. ರೂಪಶ್ರೀ ಗೇಟಿನಲ್ಲೇ ನಿಂತಿದ್ದಳು. ಒಳಗೆ ಹೋಗಿ ಈಗಲಾದರೂ ಅವರನ್ನು ಕೇಳಬೇಕಿತ್ತು. ಕಾಲು ಏಳಲಿಲ್ಲ.