ಉಜ್ಜಿನಪ್ಪನ ಅಂಗಡಿಯ ಯುದ್ಧನೌಕೆ

ಸುಕನ್ಯಾಳಿಗೆ ಎಡಗಣ್ಣು ಇರಲಿಲ್ಲ. ಆರನೇ ವಯಸ್ಸಿನಲ್ಲಿ ಜಾಲಿಮುಳ್ಳು ಚುಚ್ಚಿ ಹೋಗಿತ್ತು. ಅವಳ ಊರು ತೆಲಿಗಿಯಲ್ಲಿ ಅದು ಹಳೆಯ ಸುದ್ದಿ. ನೋಡಲು ಬಂದ ಎರಡು ಗಂಡಿನ ಕಡೆಯವರು ಮಾತ್ರ ಅದನ್ನು ಹೊಸ ಸುದ್ದಿಯಂತೆ ಆಡಿ, ಅವಲಕ್ಕಿ ತಿಂದು ಹೋಗಿದ್ದರು.

ಪಿಯುಸಿ ಮುಗಿಸಿ ಎರಡು ವರ್ಷ ಅವಳು ಮನೆಯಲ್ಲೇ ಇದ್ದಳು. ಊರಿನ ಕೆಟ್ಟ ಟೈಂಪೀಸುಗಳೆಲ್ಲ ಅವಳ ಹತ್ತಿರ ಬರುತ್ತಿದ್ದವು. ಅರ್ಧ ನಡೆಯುತ್ತಿದ್ದವು, ಅರ್ಧ ನಡೆಯುತ್ತಿರಲಿಲ್ಲ. ನಡೆಯದವು ಯಾಕೆ ನಡೆಯಲಿಲ್ಲ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ. ೧೯೯೮ರ ಬೇಸಿಗೆಯಲ್ಲಿ ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿನ ಗಡಿಯಾರದ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಂಜಿನೇಯಲು ಬಿಟ್ಟುಹೋಗಿದ್ದಾನೆ, ಅವನ ಜಾಗ ಖಾಲಿ ಇದೆ ಎಂದು ಗೊತ್ತಾಯಿತು. ಮರುದಿನ ಮೊದಲ ಬಸ್ಸಿಗೆ ಹೋದಳು.

ಅಂಗಡಿಯ ಮಾಲಿಕ ಉಜ್ಜಿನಪ್ಪ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರದ ಹೊಟ್ಟೆ ನೋಡುತ್ತಿದ್ದ. ಅವಳ ಮಾತು ಕೇಳಿ ತಲೆ ಎತ್ತಿದ. ಮುಖ ನೋಡಿದ ಮೇಲೆ ಮತ್ತೆ ಬಗ್ಗಿದ.

“ಇದು ಒಂದು ಕಣ್ಣಿನಾಗ ಆಗೋ ಕೆಲ್ಸ ಅಲ್ಲವ್ವ.”

“ನೀವೂ ಒಂದ ಕಣ್ಣಿನಾಗ ನೋಡಾಕ ಹತ್ತೀರಿ.”

“ಇನ್ನೊಂದು ನನಗ ಐತಿ, ಮುಚ್ಚೀನಿ.”

“ಕೆಲ್ಸದಾಗ ಅದು ಮುಚ್ಚೇ ಇರೂದಾದ್ರ, ಇದ್ರೇನು ಬಿಟ್ರೇನು?”

ಗಲ್ಲಾದ ಹತ್ತಿರ ಕೂತಿದ್ದ ಅವನ ಮಗ ಗವಿಸಿದ್ದೇಶ್ ನಕ್ಕ. ಉಜ್ಜಿನಪ್ಪ ನಗಲಿಲ್ಲ. ಭೂತಗನ್ನಡಿ ಕಳಚಿ, ಶೋಕೇಸಿನ ಮೇಲ್ಗಡೆಯಿಂದ ಎರಡು ರಟ್ಟಿನ ಪೆಟ್ಟಿಗೆ ಇಳಿಸಿ ಧೂಳು ಊದಿದ. ಮುಂಬಯಿಯಲ್ಲಿದ್ದ ಅವನ ಭಾವಮೈದುನ ಹುಡುಗನಿಗೆಂದು ಕಳಿಸಿದ ಪ್ಲಾಸ್ಟಿಕ್ ಮಾದರಿಗಳು ಅವು. ತುಂಡುಗಳನ್ನು ಬಿಡಿಸಿ ಅಂಟಿಸಿದರೆ ಪೆಟ್ಟಿಗೆಯ ಮೇಲಿನ ಚಿತ್ರ ಆಗುತ್ತದೆ. ಮೂರು ಬಂದಿದ್ದವು. ವಿಮಾನವನ್ನು ಗವಿಸಿದ್ದೇಶ್ ಅಂಟಿನ ಉಂಡೆ ಮಾಡಿಟ್ಟಿದ್ದ. ಮಿಲಿಟರಿ ಜೀಪು ಮತ್ತು ಯುದ್ಧನೌಕೆ ಹಾಗೇ ಉಳಿದಿದ್ದವು.

“ಇಪ್ಪತ್ತು ದಿನ. ಯಾವುದಾರ ಒಂದು ಮಾಡ್ಕೊಂಡು ಬಾ. ಒಂದು ತುಂಡು ಉಳೀಬಾರ್ದು, ಒಂದು ಕಡಿಮಿ ಆಗಬಾರ್ದು. ಆದ್ರ ಅಂಜಿನೇಯಲುನ ಸ್ಟೂಲು ನಿಂದು. ಜೀಪು ತಗೊ, ಅರವತ್ತೇ ತುಂಡು ಅದಾವ.”

“ಹಡಗಿನ್ಯಾಗ ಎಷ್ಟು?”

“ನಾಕನೂರ ಹದಿನೆಂಟು. ಅದರ ಗೊಡವಿ ಬ್ಯಾಡ.”

ಅವಳು ಎರಡನ್ನೂ ತೆರೆದು ನೋಡಿದಳು. ಜೀಪಿನ ಚಕ್ರಗಳು ಬೆರಳಲ್ಲಿ ಹಿಡಿಯುವಷ್ಟು ದೊಡ್ಡವಿದ್ದವು. ಹಡಗಿನ ಪೆಟ್ಟಿಗೆಯಲ್ಲಿ ಬೂದು ಬಣ್ಣದ ಚೌಕಟ್ಟುಗಳು, ಆ ಚೌಕಟ್ಟುಗಳ ಒಳಗೆ ಸಾಲಾಗಿ ಹತ್ತಿಕೊಂಡ ತೋಪು, ದೋಣಿ, ಏಣಿಗಳು. ಕೆಲವು ಜೀರಿಗೆಗಿಂತ ಸಣ್ಣವು. ಜೀಪು ಮಾಡಿದರೆ, ಅದೇನು ಯಾರಾದರೂ ಮಾಡುತ್ತಾರೆ ಎನ್ನುವುದು ಈ ಮನುಷ್ಯನಿಗೆ ಸುಲಭ. ಅವಳು ಹಡಗಿನ ಪೆಟ್ಟಿಗೆಗೆ ಮುಚ್ಚಳ ಹಾಕಿ ಕಂಕುಳಲ್ಲಿ ಇಟ್ಟುಕೊಂಡಳು.

“ಸಮುದ್ರ ನೋಡೀಯೇನಬೇ ನೀ?” ಎಂದ ಗವಿಸಿದ್ದೇಶ್.

“ನೀ ಎಷ್ಟು ವಿಮಾನ ಹತ್ತೀಯಪ?”

ಮನೆಯಲ್ಲಿ ತಾಯಿ ಗುರುಬಸಮ್ಮ ಪೆಟ್ಟಿಗೆಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು. “ಇದನ್ನ ಮಾಡಿದ್ರ ಏನು ಕೊಡ್ತಾನ?” ಎಂದು ಕೇಳಿದಳು. ಕೆಲಸ ಎಂದು ಹೇಳಿದರೆ ನಂಬಲಿಲ್ಲ.

ಜೊತೆಗಿದ್ದ ಹಾಳೆಯಲ್ಲಿ ಅಕ್ಷರಗಳು ಜಪಾನಿನವು. ತುಂಡುಗಳ ಚಿತ್ರ, ಅವುಗಳ ಪಕ್ಕದ ಅಂಕಿ ಮಾತ್ರ ತಿಳಿಯುವಂಥವು. ಅಷ್ಟು ಸಾಕಾಯಿತು. ಉಗುರು ಕತ್ತರಿಸುವ ಕಟರಿನಿಂದ ತುಂಡು ಬಿಡಿಸುವುದು, ಕತ್ತರಿಸಿದ ಗುರುತನ್ನು ಉಪ್ಪುಕಾಗದದಿಂದ ತಿಕ್ಕುವುದು, ಅಂಟು ಹಚ್ಚುವುದು. ಪೆಟ್ಟಿಗೆಯೊಳಗಿನ ಅಂಟು ಒಣಗಿ ಕಲ್ಲಾಗಿತ್ತು. ಊರಿನ ಅಂಗಡಿಯಿಂದ ಸಣ್ಣ ಟ್ಯೂಬು ತಂದು, ಗುಂಡುಸೂಜಿಯ ತುದಿಯಲ್ಲಿ ಒಂದೊಂದೇ ಹನಿ ಇಟ್ಟಳು.

ಕಷ್ಟ ಬೇರೆ ಕಡೆ ಇತ್ತು. ಒಂದು ಕಣ್ಣಿಗೆ ಎಡ ಬಲ ಕಾಣುತ್ತದೆ, ಹತ್ತಿರ ದೂರ ಸರಿಯಾಗಿ ಕಾಣುವುದಿಲ್ಲ. ಚಿಮಟದ ತುದಿ ತೂತಿನ ಮೇಲೆ ಬಂತು ಎಂದುಕೊಂಡರೆ ಅದು ಒಂದು ಜೋಳದ ಕಾಳಿನಷ್ಟು ಈಚೆಗೇ ಇರುತ್ತಿತ್ತು. ಮೊದಲ ಮೂರು ದಿನ ಅಂಟು ಬಿದ್ದದ್ದೆಲ್ಲ ತಪ್ಪು ಜಾಗಕ್ಕೆ. ಟೈಂಪೀಸುಗಳು ಯಾಕೆ ನಡೆಯುತ್ತಿರಲಿಲ್ಲ ಎನ್ನುವುದೂ ಆಗಲೇ ತಿಳಿಯಿತು. ನಾಲ್ಕನೇ ದಿನ ದಾರಿ ಸಿಕ್ಕಿತು. ಗಾಳಿಯಲ್ಲಿ ಗುರಿ ಇಡಬಾರದು. ಚಿಮಟದ ತುದಿಯನ್ನು ಮೊದಲು ಹಡಗಿನ ಮೈಗೆ ತಾಗಿಸಬೇಕು, ಅಲ್ಲಿಂದ ಜಾರಿಸಿಕೊಂಡು ಹೋಗಬೇಕು. ತೂತು ಬಂದಾಗ ಕೈಗೆ ಗೊತ್ತಾಗುತ್ತದೆ. ಹೀಗೆ ಮಾಡಿದರೆ ಒಂದು ತೋಪಿಗೆ ಕಾಲು ಗಂಟೆ. ಅವಳಿಗೆ ಬೇರೆ ಕೆಲಸ ಇರಲಿಲ್ಲ.

ಹನ್ನೆರಡನೇ ದಿನದ ಹೊತ್ತಿಗೆ ಹಡಗಿನ ಮೈ, ಗೋಪುರ, ಹೊಗೆಕೊಳವೆ ನಿಂತಿದ್ದವು. ಸಣ್ಣ ತೋಪು, ದೋಣಿ, ಕಂಬ, ಏಣಿ, ಲಂಗರುಗಳ ಮೂರು ಚೌಕಟ್ಟು ಬಾಕಿ ಇದ್ದವು. ಅವನ್ನು ಮೂಲೆಯಲ್ಲಿ ಒಡೆದ ಬಕೆಟ್ಟಿನೊಳಗೆ ಜೋಪಾನ ಮಾಡಿ, ಅವಳು ಅಂಟು ತರಲು ಹೋದಳು. ಆಗಲೇ ಗಾಳೆಮ್ಮ ಓಣಿಗೆ ಬಂದಳು. ಕೂಡ್ಲಿಗಿ ಕಡೆಯ ಗಾಳೆಮ್ಮ ತಿಂಗಳಿಗೊಮ್ಮೆ ತಲೆಯ ಮೇಲೆ ಉಳ್ಳಾಗಡ್ಡಿ ಬುಟ್ಟಿ, ಬೆನ್ನಿಗೆ ಗೋಣಿಚೀಲ ಹೊತ್ತು ಬರುತ್ತಿದ್ದಳು. ಮುರುಕಲು ಪ್ಲಾಸ್ಟಿಕ್ ಕೊಟ್ಟರೆ ಉಳ್ಳಾಗಡ್ಡಿ ಕೊಡುತ್ತಿದ್ದಳು. ಓಣಿಯ ಹೆಂಗಸರು ಅವಳಿಗಾಗಿ ಬಾಚಣಿಕೆ, ಚಪ್ಪಲಿ, ಕೊಡದ ಚೂರು ಕೂಡಿಡುತ್ತಿದ್ದರು. ಗುರುಬಸಮ್ಮ ಒಡೆದ ಬಕೆಟ್ಟನ್ನು ಅದರೊಳಗಿನ ಪ್ಲಾಸ್ಟಿಕ್ ಕಡ್ಡಿಗಳ ಸಮೇತ ಕೊಟ್ಟಳು. ಒಂದು ಸೇರು ಕೊಡುವಲ್ಲಿ ಗಾಳೆಮ್ಮ ಒಂದೂವರೆ ಕೊಟ್ಟಳು.

ಸುಕನ್ಯಾ ಬಂದಾಗ ಗುರುಬಸಮ್ಮ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

“ಬಕೆಟ್ಟು ಎಲ್ಲಿ?”

“ಕೊಟ್ಟೆ. ಒಡದಿತ್ತಲ್ಲ.”

“ಒಳಗಿದ್ದದ್ದು?”

“ಅದೂ ಮುರುಕ ಅಲ್ಲೇನು? ನೀನ ಮುರದು ಮುರದು ಒಗಿತಿದ್ದಿ.”

ತಾಯಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಬಿಡಿಸಿದ ಖಾಲಿ ಚೌಕಟ್ಟುಗಳನ್ನು ಅವಳೇ ಹನ್ನೆರಡು ದಿನ ಅಂಗಳಕ್ಕೆ ಎಸೆದಿದ್ದಳು. ಸುಕನ್ಯಾ ಹೆಚ್ಚದೆ ಉಳಿದಿದ್ದ ಉಳ್ಳಾಗಡ್ಡಿಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಗಾಳೆಮ್ಮ ಚೀಲ ಮಾರುವುದು ಹರಪನಹಳ್ಳಿಯ ಗುಜರಿ ಅಂಗಡಿಗೆ ಎಂದು ಓಣಿಗೆಲ್ಲ ಗೊತ್ತಿತ್ತು. ಅಂಗಡಿಯ ಮುಂದೆ ಅವಳು ಚೀಲ ತೂಗಿಸಲು ಪಾಳಿಯಲ್ಲಿ ಕೂತಿದ್ದಳು. ವಿಷಯ ಕೇಳಿ ಟವೆಲ್ಲು ಬಿಚ್ಚಿ ನೋಡಿದಳು.

“ಒಂದೂವರಿ ಕೊಟ್ಟೀನಿ. ಇದು ಒಂದೂ ಇಲ್ಲ.”

“ಉಳಿದದ್ದು ನಮ್ಮವ್ವ ಸಾರಿಗೆ ಹಾಕ್ಯಾಳ. ಊರಿಗೆ ಬಂದ್ರ ಉಣ್ಣು ಬಾ.”

“ಸಾರು ತೂಕಕ್ಕ ಬರತೈತೇನಬೇ?” ಎಂದು ಗಾಳೆಮ್ಮ ನಕ್ಕು ಚೀಲದ ಬಾಯಿ ಬಿಚ್ಚಿದಳು. “ಹುಡುಕ್ಕೊ. ಮ್ಯಾಲೆ ಹತ್ತಿ ತುಳದೀನಿ ಮತ್ತ, ಮೊದಲ ಹೇಳ್ತೀನಿ. ತುಳೀದಿದ್ರ ಚೀಲದಾಗ ಹಿಡ್ಯಂಗಿಲ್ಲ.”

ಇಬ್ಬರೂ ಚೀಲವನ್ನು ರಸ್ತೆಯ ಬದಿಯಲ್ಲಿ ಸುರಿದು ಆರಿಸಿದರು. ಚೌಕಟ್ಟುಗಳು ಚೂರಾಗಿದ್ದವು. ತುಂಡುಗಳು ಚಪ್ಪಲಿಗಳ ಒಳಗೆ, ಡಬ್ಬಿಗಳ ಒಳಗೆ ಸಿಕ್ಕವು. ಬಿಸಿಲು ಇಳಿಯುವವರೆಗೆ ಹುಡುಕಿದರು. ಸಿಕ್ಕದ್ದನ್ನು ಮನೆಗೆ ತಂದು ಹಾಳೆಯ ಚಿತ್ರಗಳ ಮೇಲೆ ಒಂದೊಂದಾಗಿ ಇಟ್ಟಾಗ ಕೆಲವು ಚಿತ್ರಗಳು ಖಾಲಿ ಉಳಿದವು.

ಉಜ್ಜಿನಪ್ಪನ ಹತ್ತಿರ ಹೋಗಿ ಹೀಗಾಯಿತು ಎನ್ನಬಹುದಿತ್ತು. ಅವನು ಅಯ್ಯೋ ಪಾಪ ಎನ್ನುತ್ತಿದ್ದ, ಕೆಲಸ ಕೊಡುತ್ತಿರಲಿಲ್ಲ. ಅವಳು ಹೋಗಲಿಲ್ಲ. ಸಣ್ಣ ತೋಪುಗಳ ನಳಿಗೆಗೆ ಗುಂಡುಸೂಜಿ ಕತ್ತರಿಸಿದಳು. ಕಂಬಕ್ಕೆ, ಏಣಿಗೆ ಊದಿನಕಡ್ಡಿಯ ಬಿದಿರನ್ನು ಬ್ಲೇಡಿನಿಂದ ಸೀಳಿದಳು. ಕುಪ್ಪಸದ ಹುಕ್ಕು ಬಿಚ್ಚಿ ಬಗ್ಗಿಸಿದರೆ ಲಂಗರಿನ ಆಕಾರ ಬಂತು. ದೋಣಿಗಳಿಗೆ ಎರಡು ದಿನ ಹೋಯಿತು. ಕಟ್ಟಿಗೆ ಒಡೆಯಿತು, ಮೇಣ ಕರಗಿತು. ಕೊನೆಗೆ ಅಟ್ಟದ ಮೇಲಿದ್ದ ಸೂರ್ಯಕಾಂತಿ ಬೀಜ ಇಳಿಸಿ, ಒಂದನ್ನು ಉದ್ದಕ್ಕೆ ಸೀಳಿ ಒಳಗಿನ ಕಾಳು ತೆಗೆದಳು. ಅರ್ಧ ಸಿಪ್ಪೆ ದೋಣಿಯಾಗಿತ್ತು. ಅಳತೆಯೂ ಅದೇ. ಮೂವತ್ತು ಸೀಳಿ ಸಮನಾದವನ್ನು ಆರಿಸಿದಳು.

“ಬೂದಿ ಬಣ್ಣ ಬಳಿ. ಯಾರಿಗೂ ಗೊತ್ತಾಗಂಗಿಲ್ಲ,” ಎಂದಳು ಗುರುಬಸಮ್ಮ. ಆ ದಿನಗಳಲ್ಲಿ ಅವಳು ಮಗಳ ಜೊತೆ ಬಹಳ ಮೆತ್ತಗೆ ಮಾತಾಡುತ್ತಿದ್ದಳು.

“ಬಳದ್ರ ನಾ ಮಾಡಿದ್ದು ಯಾವುದು ಅಂತ ಹೆಂಗ ಕಾಣಬೇಕು?”

ಇಪ್ಪತ್ತನೇ ದಿನ ಹಡಗನ್ನು ಬುತ್ತಿಬುಟ್ಟಿಯಲ್ಲಿಟ್ಟು, ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಂತುಕೊಂಡೇ ತಂದಳು. ಉಜ್ಜಿನಪ್ಪ ಅದನ್ನು ಮೇಜಿನ ಮೇಲೆ ತಿರುಗಿಸಿ ನೋಡಿದ. ಭೂತಗನ್ನಡಿ ಹಾಕಿಕೊಂಡು ಮತ್ತೊಮ್ಮೆ ನೋಡಿದ. ಸಣ್ಣ ತೋಪುಗಳ ಸಾಲು ನೂಲು ಹಿಡಿದಂತೆ ನೇರವಾಗಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

“ಎಲ್ಲಾ ಪೆಟಿಗ್ಯಾಗಿಂದಲ್ಲ. ಕೆಲವು ಕಳದು ಹೋದ್ವು, ನಾನ ಮಾಡೀನಿ. ಗೆರಿ ಗೆರಿ ಕಾಣೋವು ಸೂರ್ಯಕಾಂತಿ ಸಿಪ್ಪಿ.”

“ಅಪ್ಪಾಜಿ, ಗಾಣಕ್ಕ ಹಾಕಿದ್ರ ಎಣ್ಣಿ ಬರತೈತೇನು ಕೇಳು,” ಎಂದ ಗವಿಸಿದ್ದೇಶ್.

“ಸುಮ್ಕಿರಲೇ,” ಎಂದ ಉಜ್ಜಿನಪ್ಪ. ಭೂತಗನ್ನಡಿ ತೆಗೆದು ಅವಳ ಕಡೆ ತಿರುಗಿದ. “ಒಂದು ಕಡಿಮಿ ಆಗಬಾರ್ದು ಅಂದಿದ್ದೆ. ಮಾತು ಮಾತೇ. ಸೋತಿ ನೀ.”

“ನಿಮ್ಮ ಕಡೆ ರಿಪೇರಿಗೆ ಬರೋ ವಾಚಿನ್ಯಾಗ ಎಲ್ಲಾ ಸಾಮಾನು ಸರಿ ಇರತಾವೇನ್ರಿ? ಎಲ್ಲಾ ಇದ್ರ ಅವು ಇಲ್ಲಿಗ್ಯಾಕ ಬರತಾವ?”

“ಮಾತು ಬಾಳ ಕಲ್ತಿ.”

“ಕೆಲ್ಸ ಕಲಸ್ರಿ, ಮಾತು ಕಡಿಮಿ ಮಾಡ್ತೀನಿ.”

ಉಜ್ಜಿನಪ್ಪ ಹಡಗಿನ ಲಂಗರನ್ನು ಉಗುರಿನಿಂದ ಅಲ್ಲಾಡಿಸಿ ನೋಡಿದ. ಅದು ಅಲ್ಲಾಡಲಿಲ್ಲ. “ಒಂದು ವರ್ಷ ಬೆಲ್ಟು ಹಾಕು, ಗ್ಲಾಸು ಒರಸು. ಒಳಗ ಕೈ ಹಾಕೂದು ಆಮ್ಯಾಲೆ ನೋಡೋಣ,” ಎಂದ.

“ಬೆಲ್ಟು ನಿಮ್ಮ ಮಗ ಹಾಕ್ಲಿ. ನಾ ಒಳಗಿನ ಕೆಲ್ಸಕ್ಕ ಬಂದೀನಿ.”

ಅವಳು ಮೇಜನ್ನು ಸುತ್ತಿಕೊಂಡು ಒಳಗೆ ಹೋಗಿ ಅಂಜಿನೇಯಲುನ ಸ್ಟೂಲಿನ ಮೇಲೆ ಕೂತಳು. ಉಜ್ಜಿನಪ್ಪ ಡ್ರಾಯರ್ ಎಳೆದು, ಬಿಡಿಭಾಗ ಸಿಗದೆ ಬಿದ್ದಿದ್ದ ಒಂದು ಕೈಗಡಿಯಾರವನ್ನು ಅವಳ ಮುಂದೆ ತಳ್ಳಿದ.

ಆಮೇಲೆ ಹಡಗನ್ನು ಎತ್ತಿ ಶೋಕೇಸಿನಲ್ಲಿಟ್ಟ.

“ಒಟ್ಟು ಎಷ್ಟು ಹೋಗಿದ್ವು?”

ಅವಳು ಗಡಿಯಾರದ ಬೆನ್ನು ಬಿಚ್ಚುತ್ತಲೇ ಹೇಳಿದಳು. ತೋಪಿನ ನಳಿಗೆ ಎಂಟು, ದೋಣಿ ಏಳು, ಲಂಗರು ಎರಡು, ಕಂಬ ಒಂದು, ಏಣಿ ಒಂದು. ಒಟ್ಟು ಹತ್ತೊಂಬತ್ತು.